ಹಿತ್ತಿಲ ಸೋರೆಗೆ ರೇಷ್ಮೆ ಗಂಟು

ದೊಡ್ಡಬಳ್ಳಾಪುರದ ನೇಕಾರರ ಬೀದಿಯಲ್ಲಿ ಮಧ್ಯಾಹ್ನ ಕರೆಂಟು ಹೋಯಿತೆಂದರೆ ಗಂಡಸರೆಲ್ಲ ಬೈದುಕೊಳ್ಳುತ್ತ ಜಗುಲಿಗೆ ಬರುತ್ತಾರೆ. ನಾಗಲಕ್ಷ್ಮಮ್ಮ ಮಾತ್ರ ಒಳಗೊಳಗೇ ಖುಷಿಪಟ್ಟು ಹಿತ್ತಿಲಿಗೆ ಹೋಗುತ್ತಾಳೆ. ಬೆಳಗಿನಿಂದ ಗೋಡೆ, ನೆಲ, ಅಡುಗೆಮನೆಯ ಡಬ್ಬಗಳನ್ನೆಲ್ಲ ನಡುಗಿಸಿದ ಮಗ್ಗಗಳು ಆಗ ಬಾಯಿ ಮುಚ್ಚಿರುತ್ತವೆ. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು, ಸೋರೆ ಚಪ್ಪರದ ಹಸಿರು ಬೆಳಕಿನಲ್ಲಿ ಕಣ್ಣು ಅರ್ಧ ಮುಚ್ಚಿದರೆ ತಾನು ಯಾವ ಊರಲ್ಲಿದ್ದೇನೆ, ತನಗೆಷ್ಟು ವಯಸ್ಸು ಎನ್ನುವುದೂ ಆಕೆಗೆ ಮರೆತುಹೋಗುತ್ತದೆ. ಮರೆಯಲಿ ಬಿಡಿ. ಮನೆಗೆ ಸೊಸೆ ಬಂದ ಮೇಲೂ ಒಂದು ಗಳಿಗೆ ಮೈಮರೆಯಲು ಪುರುಸೊತ್ತಿಲ್ಲ ಅಂದರೆ ಅದೆಂಥ ಬಾಳು!

ಹಿತ್ತಿಲು ದೊಡ್ಡದೇನಲ್ಲ. ಎರಡು ಮಂಚ ಹಾಕಿದರೆ ಮೂರನೆಯದಕ್ಕೆ ಜಾಗವಿಲ್ಲ. ಅಷ್ಟರಲ್ಲೇ ಒಡೆದ ಬಿಂದಿಗೆಯಲ್ಲಿ ದೊಡ್ಡಪತ್ರೆ, ಪೇಂಟ್ ಡಬ್ಬದಲ್ಲಿ ಮೆಣಸಿನಗಿಡ, ತೂತು ಬಿದ್ದ ಬಕೆಟ್ಟಿನಲ್ಲಿ ಪುದೀನ, ಗೋಡೆಯಂಚಿಗೆ ಬಸಳೆ. ಅಕ್ಕಿ ತೊಳೆದ ನೀರು ಕರಿಬೇವಿಗೆ, ಬೇಳೆ ತೊಳೆದದ್ದು ಟೊಮೇಟೊಗೆ, ಕಾಫಿ ಗಸಿ ಗುಲಾಬಿಗೆ. ಆ ಮನೆಯಲ್ಲಿ ಮೋರಿಗೆ ಹೋಗುವ ನೀರು ನಾಲ್ಕು ಗಿಡಗಳನ್ನು ಮಾತಾಡಿಸಿಕೊಂಡೇ ಹೋಗಬೇಕು. "ನಮ್ಮತ್ತೆ ಬಿಟ್ರೆ ಗಾಳೀನೂ ಮಡಿಚಿ ಬೀರುವಿನಲ್ಲಿ ಇಡ್ತಾರೆ" ಎಂದು, ಬೇರೆ ಊರಲ್ಲಿ ಕೆಲಸಕ್ಕಿರುವ ಮಗನ ಹೆಂಡತಿ ಅನಿತ, ತವರಿಗೆ ಫೋನು ಮಾಡಿ ನಗುವುದುಂಟು. ನಾಗಲಕ್ಷ್ಮಮ್ಮನಿಗೂ ಅದು ಕೇಳಿಸುತ್ತದೆ. ಹೊಗಳಿಕೆ ಎಂದೇ ತಿಳಿದುಕೊಳ್ಳುತ್ತಾಳೆ.

ಆ ಹಿತ್ತಿಲಿನ ಮಹಾರಾಣಿ ಎಂದರೆ ಸೋರೆಬಳ್ಳಿ. ಅಂಗಡಿಯಲ್ಲಿ ಸಿಗುವ ಸೋರೆಯಲ್ಲ ಅದು. ನಾಗಲಕ್ಷ್ಮಮ್ಮ ಬಾಣಂತನ ಮುಗಿಸಿ ತವರೂರಾದ ವಿಜಯಪುರದಿಂದ ಹೊರಟಾಗ ಆಕೆಯ ತಾಯಿ ಮುತ್ತಮ್ಮ ಮಗುವಿನ ಬಟ್ಟೆಗಂಟಿನೊಳಗೆ ತುರುಕಿ ಕಳಿಸಿದ ಬೀಜದ ಸಂತಾನ. ಕುತ್ತಿಗೆ ಸಣ್ಣ, ಹೊಟ್ಟೆ ದುಂಡಗೆ, ಬೇಯಿಸಿದರೆ ಬೆಣ್ಣೆ. ಒಂದು ಕಾಯಿ ಕೊಯ್ದರೆ ತಿರುಳು ಹುಳಿಗೆ, ಸಿಪ್ಪೆ ಚಟ್ನಿಗೆ, ಒಳಗಿನ ಮೆತ್ತನೆಯ ಬೀಜದ ಭಾಗ ಮಜ್ಜಿಗೆಹುಳಿಗೆ. ಉಳಿದದ್ದು ಮಾರನೆಯ ದಿನ ರೊಟ್ಟಿಯೊಳಗೆ ಸೇರಿ ಯಾರಿಗೂ ಗೊತ್ತಾಗದಂತೆ ಖರ್ಚಾಗುತ್ತಿತ್ತು. ಬೀದಿಯವರು ಕೇಳಿದರೆ ನಾಗಲಕ್ಷ್ಮಮ್ಮ ಕಾಯಿ ಕೊಡುತ್ತಿದ್ದಳು, ಬೀಜ ಮಾತ್ರ ಯಾರಿಗೂ ಕೊಟ್ಟವಳಲ್ಲ. ಬಳ್ಳಿ ಮುಟ್ಟಲೂ ಬಿಡುತ್ತಿರಲಿಲ್ಲ. ಜಿಪುಣತನ ಎನ್ನಿ, ಹೊಟ್ಟೆಕಿಚ್ಚು ಎನ್ನಿ, ಅಮ್ಮನ ಬೀಜವನ್ನು ಇನ್ನೊಬ್ಬರ ಕೈಗಿಡಲು ಆಕೆಗೆ ಮನಸ್ಸು ಬರುತ್ತಿರಲಿಲ್ಲ.

ಕಳೆದ ಮಾಘದಲ್ಲಿ ಮುತ್ತಮ್ಮ ತೀರಿಕೊಂಡಳು. ವಿಜಯಪುರದ ಹಿತ್ತಿಲಿಗೆ ನಾಗಲಕ್ಷ್ಮಮ್ಮನ ತಮ್ಮ ಆಗಲೇ ಕಾಂಕ್ರೀಟು ಹಾಕಿಸಿ ಬಾಡಿಗೆ ರೂಮು ಕಟ್ಟಿಸಿದ್ದ. ಅಳುವವರೆಲ್ಲ ಅತ್ತರು. ಬಂದವರಿಗೆ ಊಟಕ್ಕಿಡುವುದು, ಉಳಿದ ಅನ್ನ ಹಾಳಾಗದಂತೆ ನೋಡಿಕೊಳ್ಳುವುದು, ಇದರಲ್ಲೇ ನಾಗಲಕ್ಷ್ಮಮ್ಮನಿಗೆ ಅಳುವುದಕ್ಕೆ ಹೊತ್ತೇ ಸಿಗಲಿಲ್ಲ. ಮುಂಗಾರಿಗೆ ಬೀಜದ ಡಬ್ಬ ತೆಗೆದು ನೋಡಿದರೆ ಹುಳು ಹೊಡೆದಿತ್ತು. ಇದ್ದದ್ದನ್ನೆಲ್ಲ ಮಣ್ಣಿಗೆ ಹಾಕಿದಳು. ಮೇಲೆದ್ದದ್ದು ಒಂದೇ ಒಂದು ಸಸಿ.

ಆ ಒಂದನ್ನು ಆಕೆ ಬೆಳೆಸಿದ ಪರಿಯನ್ನು ನೋಡಬೇಕಿತ್ತು! ಹಳೇ ನೂಲಿನ ಸೀರೆ ಸೀಳಿ, ಬೆರಳು ಆಡುವಷ್ಟು ಸಡಿಲವಾಗಿ ಚಪ್ಪರಕ್ಕೆ ಕಟ್ಟುತ್ತ ಹೋದಳು. ಚೆನ್ನಾಗಿ ಕೂತ ಒಂದು ಕಾಯಿಗೆ ದೃಷ್ಟಿಯಾಗದಿರಲೆಂದು ಸುಣ್ಣದ ಬೊಟ್ಟಿಟ್ಟು ಬೀಜಕ್ಕೆ ಬಿಟ್ಟಳು. ಅದು ಬಳ್ಳಿಯಲ್ಲೇ ಬಲಿತು ಒಣಗಬೇಕು. ಒಣಗದಿದ್ದರೆ ಮುತ್ತಮ್ಮನ ಸೋರೆ ಅಲ್ಲಿಗೆ ಮುಗಿಯಿತು, ಇನ್ನೆಲ್ಲಿ ಹುಡುಕಿದರೂ ಸಿಗುವುದಿಲ್ಲ.

ಸಂಜೆ ಸೋರೆಯ ಬಿಳಿ ಹೂವು ಅರಳುವ ಹೊತ್ತಿಗೆ ಆಕೆ ಕಲ್ಲಿನ ಮೇಲೆ ಕೂರುವಳು. ಮಬ್ಬುಗತ್ತಲಲ್ಲಿ ಎಲೆ ಕಾಣಿಸದು, ಬಳ್ಳಿ ಕಾಣಿಸದು, ಹೂವುಗಳಷ್ಟೇ ಗಾಳಿಯಲ್ಲಿ ನಿಂತಿರುತ್ತಿದ್ದವು. ಚಿಟ್ಟೆಯಂಥ ಬೂದು ಹುಳುಗಳು ಎಲ್ಲಿಂದಲೋ ಬಂದು ಒಂದೊಂದೇ ಹೂವಿಗೆ ಮುತ್ತುತ್ತಿದ್ದವು. ಪಕ್ಕದಲ್ಲಿ ಅಮ್ಮ ಕಾಲು ಚಾಚಿ ಕೂತಿದ್ದಾಳೆ ಅನಿಸುತ್ತಿತ್ತು. ವಿಜಯಪುರದ ಮನೆಯಲ್ಲಿ ನೂಲು ತೆಗೆಯುತ್ತಿದ್ದ ಒದ್ದೆ ರೇಷ್ಮೆಯ ವಾಸನೆಯೂ ಬಂದಂತಾಗುತ್ತಿತ್ತು. "ಇವತ್ತು ಬೇಳೆ ಹಾಕದೇನೇ ಸಾರು ಮಾಡ್ದೆ ಕಣಮ್ಮ, ಯಾರಿಗೂ ಗೊತ್ತಾಗ್ಲಿಲ್ಲ" ಎಂದು ಮೆಲ್ಲಗೆ ವರದಿ ಒಪ್ಪಿಸುವಳು. ಅನಿತ ಬಾಗಿಲವರೆಗೆ ಬಂದು, ಕೇಳಿಸಿಕೊಂಡು, ಸದ್ದಿಲ್ಲದೆ ವಾಪಸ್ಸು ಹೋಗುವಳು.

ಹೀಗಿರುವಾಗ ಹೊಸಕೋಟೆಯಲ್ಲಿ ತಂಗಿಯ ಮಗಳ ಸೀಮಂತ ಬಂತು. ನಾಗಲಕ್ಷ್ಮಮ್ಮ ಹೋಗಿ ಕೆಲವು ದಿನ ಅಲ್ಲೇ ಉಳಿದಳು. ಇಲ್ಲಿ ಶ್ರಾವಣದ ಗಾಳಿ ಬೀಸಿ ಬಳ್ಳಿ ಚಪ್ಪರದಿಂದ ಜಾರಿತು. ಆಕೆಯ ಗಂಡ ಸಂಜೀವಪ್ಪ ಅದನ್ನು ಕಂಡ. ಹುಟ್ಟಿದಾಗಿನಿಂದ ಮಗ್ಗ ಬಿಟ್ಟು ಬೇರೇನೂ ಕಾಣದ ಮನುಷ್ಯ, ಮಣ್ಣಿಗೆ ಕೈಯಿಟ್ಟವನಲ್ಲ. ಆದರೂ ಹೆಂಡತಿಗೆ ಆ ಬಳ್ಳಿ ಏನು ಅನ್ನುವುದು ಅವನಿಗೆ ಗೊತ್ತಿತ್ತು. ಮಗ್ಗದ ಉದ್ದೆಳೆಗಳ ಹಾಸು ಮುಗಿದಾಗ ಉಳಿದಿದ್ದ ರೇಷ್ಮೆ ಎಳೆಗಳನ್ನು ಹುರಿಮಾಡಿಕೊಂಡು ಹಿತ್ತಿಲಿಗೆ ಹೋದ. ಕಡಿದ ಎಳೆಗೆ ಮಗ್ಗದಲ್ಲಿ ಹಾಕುತ್ತಾರಲ್ಲ, ಕಣ್ಣಿಗೆ ಕಾಣದ ಗಂಟು, ಎಳೆದಷ್ಟೂ ಬಿಗಿಯುವ ಗಂಟು, ಅದನ್ನೇ ಗೆಣ್ಣುಗೆಣ್ಣಿಗೂ ಹಾಕಿ ಬಳ್ಳಿಯನ್ನು ಚಪ್ಪರಕ್ಕೆ ಬಿಗಿದ.

"ನೋಡೇ, ಬಿದ್ದೋಗಿತ್ತು ನಿನ್ ಬಳ್ಳಿ, ಎತ್ತಿ ಕಟ್ಟಿದ್ದೀನಿ. ಬಿರುಗಾಳಿ ಬಂದ್ರೂ ಅಲ್ಲಾಡಲ್ಲ" ಎಂದ, ಆಕೆ ಬಂದಾಗ.

"ಪರವಾಗಿಲ್ವೇ, ಹಿತ್ಲು ಯಾವ ಕಡೆ ಇದೆ ಅಂತ ಗೊತ್ತಾಯ್ತಲ್ಲ" ಎಂದು ನಾಗಲಕ್ಷ್ಮಮ್ಮ ನಕ್ಕಳು. ಮುಸ್ಸಂಜೆಯ ಬೆಳಕು, ಹಸಿರು ಬಳ್ಳಿಗೆ ಹಸಿರು ರೇಷ್ಮೆ. ಗಂಟು ಅವಳ ಕಣ್ಣಿಗೆ ಬೀಳಲೇ ಇಲ್ಲ.

ಆಮೇಲೆ ಒಳ್ಳೆ ಮಳೆಯಾಯಿತು. ಬಳ್ಳಿ ಕೈಬೆರಳಿನಷ್ಟು ದಪ್ಪವಾಯಿತು. ಆದರೆ ಮಧ್ಯಾಹ್ನವಾದರೆ ಎಲೆಗಳು ಜೋತುಬೀಳತೊಡಗಿದವು. ಬಿಸಿಲಿಗಿರಬೇಕೆಂದು ಆಕೆ ಇನ್ನಷ್ಟು ನೀರು ಹೊಯ್ದಳು. ಎಲೆ ಹಳದಿಯಾಯಿತು. ಒಂದು ಬೆಳಿಗ್ಗೆ ಬುಡದಿಂದ ಬಳ್ಳಿಯನ್ನು ಬೆರಳಲ್ಲಿ ಸವರುತ್ತ ಮೇಲಕ್ಕೆ ಹೋದಾಗ ಒಂದು ಗೆಣ್ಣಿನಲ್ಲಿ ತಗ್ಗು ಸಿಕ್ಕಿತು. ಉಗುರಿನಿಂದ ಕೆದಕಿದಳು. ರೇಷ್ಮೆ ಎಳೆ ಬಳ್ಳಿಯ ಮಾಂಸದೊಳಗೆ ಇಳಿದು ಹೂತುಹೋಗಿತ್ತು. ಕತ್ತರಿಸಿ ತೆಗೆದರೆ ಉಳಿದದ್ದು ಒಂದಿಷ್ಟು ನಾರು.

"ಏನ್ರೀ ಇದು!" ಆಕೆಯ ಕೂಗಿಗೆ ಮಗ್ಗ ನಿಲ್ಲಿಸಿ ಸಂಜೀವಪ್ಪ ಓಡಿ ಬಂದ. "ಎಳೆ ಬೆಳೆಯಲ್ಲ ರೀ, ಬಳ್ಳಿ ಬೆಳೀತದೆ! ಇಷ್ಟೂ ಗೊತ್ತಾಗ್ಲಿಲ್ವಾ ನಿಮ್ಗೆ? ನಮ್ಮಮ್ಮನ್ನ ಇನ್ನೊಂದ್ಸಲ ಸಾಯಿಸ್ಬಿಟ್ರಿ!"

ಆಡಿದ ಮಾತು, ಒಡೆದ ಮುತ್ತು. ಅವತ್ತು ಸಂಜೀವಪ್ಪ ಉಣ್ಣಲಿಲ್ಲ. ನಾಗಲಕ್ಷ್ಮಮ್ಮ ಕಲ್ಲಿನ ಮೇಲೆ ಕೂತು ಸೆರಗು ಬಾಯಿಗಿಟ್ಟುಕೊಂಡು ಗಳಗಳನೆ ಅತ್ತಳು. ಮಾಘದಿಂದ ಒಳಗೇ ಉಳಿದದ್ದೆಲ್ಲ ಹೊರಗೆ ಬಂತು. ಅನಿತ ಬಂದು ಪಕ್ಕದಲ್ಲಿ ಕೂತು ಬೆನ್ನು ಸವರಿದಳು. "ಅತ್ತೆ, ಇನ್ನೂ ಪೂರ್ತಿ ಒಣಗಿಲ್ವಲ್ಲ. ಏನಾದ್ರೂ ಮಾಡಕ್ಕಾಗಲ್ವಾ?"

ಮಾಡಲಿಕ್ಕಿತ್ತು. ಸೋರೆ ಗೆಣ್ಣಿಗೆ ಮಣ್ಣು ತಾಗಿದರೆ ಬೇರು ಬಿಡುವುದುಂಟು. ಅತ್ತೆ ಸೊಸೆ ಸೇರಿ, ಉಳಿದ ಗಂಟುಗಳನ್ನೂ ಕತ್ತರಿಸಿ, ಬೀಜದ ಕಾಯಿ ಸಮೇತ ಬಳ್ಳಿಯನ್ನು ಮಗುವನ್ನು ಇಳಿಸಿಕೊಳ್ಳುವಂತೆ ಚಪ್ಪರದಿಂದ ಇಳಿಸಿದರು. ಎಳೆ ಕಡಿದಿದ್ದ ಜಾಗದ ಮೇಲಿನ ಗೆಣ್ಣನ್ನು ಹಳೇ ಎಣ್ಣೆ ಡಬ್ಬದ ಮಣ್ಣಿನಲ್ಲಿ ಹೂತು, ಡಬ್ಬವನ್ನು ಮನೆಯ ಗೋಡೆಗೆ ಒತ್ತಿ ನೆರಳಿನಲ್ಲಿಟ್ಟರು. ಹಸಿ ಬೇರು ಬಲು ನಾಜೂಕು, ಅಲುಗಿದರೆ ಕೆಟ್ಟಿತು. ಆಕೆ ಹೊತ್ತುಹೊತ್ತಿಗೆ ನೀರು ಚಿಮುಕಿಸುತ್ತ ಅಲ್ಲೇ ಕೂತಳು. ಗಂಡ ಹೆಂಡತಿಗೆ ಮಾತಿಲ್ಲ, ಕತೆಯಿಲ್ಲ. ಊಟಕ್ಕೆ ಕರೆಯಲೂ ಅನಿತಳೇ ಬೇಕು.

ಅಂಥದೊಂದು ಮಧ್ಯಾಹ್ನ ಆಕೆ ಗೋಡೆಗೊರಗಿ ತೂಕಡಿಸುತ್ತಿದ್ದಳು. ಬೀದಿಯ ಮಗ್ಗಗಳೆಲ್ಲ ಧಡಧಡ ಓಡುತ್ತಿದ್ದವು. ಬೆನ್ನಿಗೆ ತಾಗಿದ ಗೋಡೆ ಮಾತ್ರ ತಣ್ಣಗೆ, ನಿಶ್ಚಲವಾಗಿತ್ತು. ಎದ್ದು ಒಳಗೆ ಹೋಗಿ ನೋಡಿದರೆ, ಮುಂಭಾಗದ ಮಗ್ಗ ಓಡುತ್ತಿತ್ತು. ಡಬ್ಬ ಒರಗಿಸಿದ್ದ ಹಿತ್ತಿಲ ಗೋಡೆಯ ಪಕ್ಕದ ಮಗ್ಗದ ಮೇಲೆ ಪಂಚೆ ಹೊದಿಸಿತ್ತು.

"ಇದ್ಯಾಕೆ ನಿಂತಿದೆ?" ಎಂದಳು. ಎಷ್ಟೋ ದಿನಗಳ ಮೇಲೆ ಗಂಡನ ಜೊತೆ ಆಡಿದ ಮೊದಲ ಮಾತು.

"ಮೋಟ್ರು ಕೆಟ್ಟೋಗಿದೆ" ಎಂದ ಸಂಜೀವಪ್ಪ, ತಲೆ ಎತ್ತದೆ.

ಆ ಮೋಟಾರಿಗೆ ಏನೂ ಆಗಿರಲಿಲ್ಲ. ಹೆಂಡತಿಗೆ ಅದು ಗೊತ್ತು, ಗೊತ್ತಿದೆ ಎಂದು ಅವನಿಗೂ ಗೊತ್ತು. ಆಕೆ ಅಡುಗೆಮನೆಗೆ ಹೋಗಿ, ಸಕ್ಕರೆ ಒಂದು ಚಮಚ ಜಾಸ್ತಿಯೇ ಹಾಕಿ ಕಾಫಿ ಮಾಡಿ ತಂದಿಟ್ಟಳು. ಆ ಮನೆಯಲ್ಲಿ ಅದು ಸಣ್ಣ ವಿಷಯವಲ್ಲ.

ಬೇರು ಹಿಡಿಯಿತು. ಬಳ್ಳಿ ಸೊರಗಿದರೂ ಸಾಯಲಿಲ್ಲ. ಕಾಯಿ ಕಾರ್ತಿಕದ ಹೊತ್ತಿಗೆ ಬೂದುಬಣ್ಣಕ್ಕೆ ತಿರುಗಿ ಒಣಗಿತು. ಒಡೆದು ಮೊರಕ್ಕೆ ಸುರಿದಾಗ ಗಂಡ, ಹೆಂಡತಿ, ಸೊಸೆ ಮೂವರೂ ಮುಂದಕ್ಕೆ ಬಗ್ಗಿದರು. ಹೆಚ್ಚಿನವು ಜೊಳ್ಳು. ಊದಿದರೆ ಹಾರಿಹೋದವು. ಗಟ್ಟಿಯಾಗಿ ಉಳಿದದ್ದು ಅಂಗೈ ತಗ್ಗಿನಷ್ಟು.

ಮುಂದಿನ ಮುಂಗಾರಿನ ಮೊದಲ ಮಳೆ ಬಿದ್ದ ಬೆಳಿಗ್ಗೆ ನಾಗಲಕ್ಷ್ಮಮ್ಮ ಗಂಡನನ್ನು ಮಗ್ಗದ ಮುಂದಿನಿಂದ ಎಬ್ಬಿಸಿ ಹಿತ್ತಿಲಿಗೆ ಕರೆದಳು. ಅವನ ಕೈ ಬಿಡಿಸಿ ಬೀಜಗಳನ್ನು ಇಟ್ಟಳು.

"ನನ್ ಕೈ ಬೇಡ ಕಣೇ" ಎಂದ ಅವನು ಹಿಂದೆ ಸರಿದು. "ನನ್ ಕೈಯಿಂದ ಒಂದ್ಸಲ ಆಗಿದ್ದೇ ಸಾಕು."

"ನಿಮ್ ಕೈಯಿಂದ್ಲೇ ಹಾಕ್ಬೇಕು. ಯಾರೂ ಮುಟ್ಬಾರ್ದು ಅಂತ ನಾನೊಬ್ಳೇ ಕಾಯ್ಕೊಂಡ್ ಕೂತಿದ್ದಕ್ಕೇ ನಿಮ್ಗೆ ಗೊತ್ತಾಗ್ಲಿಲ್ಲ. ತಪ್ಪು ನಂದೂ ಇತ್ತು ರೀ. ನಾಳೆ ನಾನೂ ನಮ್ಮಮ್ಮನ ಥರ ಹೊರಟೋದ್ರೆ ಇದನ್ನ ಯಾರು ಹಾಕೋರು?"

ಕೂದಲಿಗಿಂತ ಸಣ್ಣ ಎಳೆಯನ್ನು ಕಣ್ಣು ಮುಚ್ಚಿ ಪೋಣಿಸುವ ಸಂಜೀವಪ್ಪ ಕುಕ್ಕರುಗಾಲಿನಲ್ಲಿ ಕೂತು, ಒದ್ದೆ ಮಣ್ಣಿನಲ್ಲಿ ಬೆರಳೂರಿ ಗುಳಿ ಮಾಡಿ, ಒಂದು ಬೀಜ ಎತ್ತಿಕೊಂಡ. ತಿರುಗಿಸಿ ಮುರುಗಿಸಿ ನೋಡಿ ಹೆಂಡತಿಯ ಕಡೆ ಕತ್ತೆತ್ತಿದ.

"ಮೊನೆ ಮೇಲಕ್ಕಾ, ಕೆಳಗಾ?"

ನಾಗಲಕ್ಷ್ಮಮ್ಮ ಅವನ ಪಕ್ಕದಲ್ಲೇ ಕೂತು, ಅವನ ಕೈ ಹಿಡಿದು ತೋರಿಸಿಕೊಟ್ಟಳು.