ಅವ್ವನ ಕೈಯ ಒಂಬತ್ತು ನರಹುಲಿ

ಸಂಡೂರಿನ ಗುಡ್ಡಗಳಿಂದ ಅದಿರಿನ ಲಾರಿಗಳು ಸಾಲುಗಟ್ಟಿ ಇಳಿಯುತ್ತಿದ್ದ ವರ್ಷಗಳವು. ವಡ್ಡು ಎಂಬ ಊರಿನ ರಸ್ತೆ ಬದಿಯಲ್ಲಿ ಅವ್ವ ಒಂದು ಖಾನಾವಳಿ ನಡೆಸುತ್ತಿದ್ದಳು. ರೊಟ್ಟಿ ಬಡಿಯಲು ಒಬ್ಬ ಹೆಂಗಸಿದ್ದಳು. ಬಡಿಸುವ ಕೆಲಸವನ್ನು ಮಾತ್ರ ಅವ್ವ ಯಾರಿಗೂ ಬಿಟ್ಟುಕೊಡುತ್ತಿರಲಿಲ್ಲ. ಅರ್ಧ ತೆಲುಗು, ಅರ್ಧ ಕನ್ನಡದಲ್ಲಿ ಡ್ರೈವರುಗಳನ್ನು ಗದರಿಸುತ್ತ ಇನ್ನೊಂದು ರೊಟ್ಟಿ ಹಾಕುವುದೇ ಅವಳ ಸಂಭ್ರಮ.

ಬಡಿಸುವ ಆ ಬಲಗೈಯ ಮೇಲೆಯೇ ನರಹುಲಿಗಳು ಎದ್ದವು. ಮೊದಲು ತೋರುಬೆರಳಿನ ಗೆಣ್ಣಿನ ಮೇಲೆ ಒಂದು. ವರ್ಷ ತುಂಬುವುದರೊಳಗೆ ಒಂಬತ್ತು. ಕುದುರೆಯ ಬಾಲದ ಕೂದಲು ಕಟ್ಟಿ ನೋಡಿದಳು. ಸುಣ್ಣ, ಸೋಡಾ ಕಲಸಿ ಹಚ್ಚಿ ಕೈ ಸುಟ್ಟುಕೊಂಡಳು. ಹುಣ್ಣಾಯಿತೇ ಹೊರತು ನರಹುಲಿ ಹೋಗಲಿಲ್ಲ.

ಒಂದು ಮಧ್ಯಾಹ್ನ ಗಣಿಯ ಹೊಸ ಸೂಪರ್‌ವೈಸರ್ ಊಟಕ್ಕೆ ಬಂದ. ಅವ್ವ ಪಲ್ಯ ಹಾಕಲು ಬಗ್ಗಿದ್ದೇ ತಡ, ತಟ್ಟೆಯನ್ನು ತನ್ನತ್ತ ಎಳೆದುಕೊಂಡ.

"ಆ ಕೈಯಾಗ ಬ್ಯಾಡ್ರಿ. ಬ್ಯಾರೆಯವ್ರನ್ನ ಕಳಸ್ರಿ."

ಪಕ್ಕದ ಬೆಂಚಿನವರೆಲ್ಲ ತಿರುಗಿ ನೋಡಿದರು. ಅವ್ವ ಸೌಟನ್ನು ನನ್ನ ಕೈಗಿಟ್ಟು ಒಳಗೆ ಹೋದಳು. ಮತ್ತೆ ಹೊರಗೆ ಬರಲಿಲ್ಲ. ಮರುದಿನವೂ ಇಲ್ಲ, ಮರುವಾರವೂ ಇಲ್ಲ. ಕಾಲೇಜಿಲ್ಲದಾಗ ನಾನು ಬಡಿಸುತ್ತಿದ್ದೆ, ಉಳಿದ ದಿನ ರೊಟ್ಟಿ ಬಡಿಯುವ ಹೆಂಗಸು. "ಅವ್ವಾರು ಎಲ್ಲಿ?" ಎಂದು ಕೇಳಿದವರಿಗೆ ಆರಾಮಿಲ್ಲ ಎನ್ನುತ್ತಿದ್ದೆ.

ನಾನು ಓದುತ್ತಿದ್ದದ್ದು ಹೊಸಪೇಟೆಯಲ್ಲಿ. ಅಲ್ಲಿ ಚರ್ಮದ ಡಾಕ್ಟರೊಬ್ಬರು ನರಹುಲಿಯನ್ನು ಹೆಪ್ಪುಗಟ್ಟಿಸಿ ತೆಗೆಯುತ್ತಾರೆ ಎಂದು ಗೆಳತಿಯೊಬ್ಬಳು ಹೇಳಿದಳು. ಮನೆಗೆ ಬಂದು ಹೇಳಿದರೆ ಅವ್ವ ನಂಬಲಿಲ್ಲ.

"ಥಂಡಿಗೆ ಹೋಗಂಗಿದ್ರ ಐಸ್‌ಕ್ಯಾಂಡಿ ಮಾರಾವ್ನೇ ತಗೀತಿದ್ದ, ನಡಿ."

"ಒಂದ್ ಸಲ ತೋರ್ಸು ಯವ್ವಾ. ಸರಿ ಅನ್ಸಲಿಲ್ಲಂದ್ರ ಎದ್ದು ಬರೂಣು."

ಡಾಕ್ಟರು ಅವ್ವನ ವಯಸ್ಸಿನ ಹೆಂಗಸು. ಕೈಯನ್ನು ದೀಪದಡಿ ಹಿಡಿದು ನಿಧಾನವಾಗಿ ನೋಡಿದರು. "ಇವು ಕೆಟ್ಟ ಗಂಟಲ್ಲ ಅವ್ವಾರ. ಜೀವಕ್ಕ ಏನೂ ತೊಂದ್ರಿ ಇಲ್ಲ. ಆದ್ರ ಒಂದ್ರಿಂದ ಒಂದು ಹಬ್ಬತಾವ. ತಗೀಲೇನ್ರಿ?"

ಅವ್ವನ ಕಣ್ಣು ಮೂಲೆಯಲ್ಲಿದ್ದ ದೊಡ್ಡ ಕ್ಯಾನಿನ ಮೇಲಿತ್ತು. ಅವಳ ತವರು ಚೋರನೂರು. ಎಮ್ಮೆಗಳ ನಡುವೆ ಬೆಳೆದವಳು.

"ಇದು ದನದ ಡಾಕ್ಟ್ರ ಕಡಿ ಇರೂ ಕ್ಯಾನ್ ಅಲ್ರಿ? ಎಮ್ಮಿಗೆ ಗರ್ಭದ ಸೂಜಿ ಹಾಕಾಕ ತರತಿದ್ರು."

ಡಾಕ್ಟರು ಜೋರಾಗಿ ನಕ್ಕರು. "ಅದ ಥಂಡಿ ನೈಟ್ರೋಜನ್ನೇ ರೀ. ಅಲ್ಲಿ ಬೀಜದ ಜೀವ ಕಾಯತೈತಿ, ಇಲ್ಲಿ ನರಹುಲಿ ಕೊಲ್ಲತೈತಿ."

ತನಗೆ ಗೊತ್ತಿರುವ ವಸ್ತು ಎಂದು ತಿಳಿದ ಮೇಲೆ ಅವ್ವ ತಾನಾಗಿಯೇ ಕೈ ಚಾಚಿದಳು. ಡಾಕ್ಟರು ಹತ್ತಿ ಸುತ್ತಿದ ಕಡ್ಡಿಯನ್ನು ಅದ್ದಿ ತೆಗೆದರು. ಬಿಳಿ ಹೊಗೆ ಮೇಜಿನ ಮೇಲೆ ಹರಿಯಿತು. ಕಡ್ಡಿ ಒತ್ತಿದ ಕಡೆ ಚರ್ಮ ಸುಣ್ಣದಂತೆ ಬೆಳ್ಳಗಾಯಿತು. ಅವ್ವ ಎಡಗೈಯಿಂದ ನನ್ನ ಮಣಿಕಟ್ಟನ್ನು ಹಿಂಡಿದಳು.

"ಥಂಡಿ ಅಂತೀರಿ, ಬೆಂಕಿ ಇದ್ದಂಗ ಐತಲ್ರಿ!"

ಆದರೂ ಕೈ ಹಿಂದಕ್ಕೆಳೆಯಲಿಲ್ಲ. ಒಂದು, ಎರಡು ಎಂದು ತಾನೇ ಎಣಿಸುತ್ತ ಒಂಬತ್ತನ್ನೂ ಮುಗಿಸಿಕೊಂಡಳು.

ಮರುದಿನ ಗುಳ್ಳೆ ಎದ್ದವು, ಆಮೇಲೆ ಕಪ್ಪಾದವು, ಹದಿನೈದು ದಿನದೊಳಗೆ ಉದುರಿದವು. ಮೂರು ಮಾತ್ರ ಉಳಿದವು. ಅದಕ್ಕಾಗಿ ಮತ್ತೆರಡು ಸಲ ಹೋದೆವು. ಕೊನೆಯ ಸಲವಂತೂ ಅವ್ವ ಡಾಕ್ಟರಿಗೇ ಹೇಳಿಕೊಟ್ಟಳು: "ಈ ಗೆಣ್ಣಿಂದು ಭಾಳ ಮೊಂಡ ಐತಿ, ಸ್ವಲ್ಪ ಗಟ್ಟಿ ಹಿಡೀರಿ."

ಕೆಲವು ವಾರಗಳ ನಂತರ ಒಂದು ಬೆಳಿಗ್ಗೆ ಹಿತ್ತಲಿನಿಂದ ಕೂಗಿದಳು. ಬಿಸಿಲಿಗೆ ಕೈ ಹಿಡಿದು ತಿರುಗಿಸಿ ತಿರುಗಿಸಿ ನೋಡುತ್ತಿದ್ದಳು. ಮಾಸಲು ಕಲೆಗಳ ಹೊರತು ಏನೂ ಇರಲಿಲ್ಲ. "ಮುಟ್ಟಿ ನೋಡಲೇ, ಎಷ್ಟ್ ನುಣ್ಣಗ ಐತಿ!"

ಅಂದು ಮಧ್ಯಾಹ್ನ ನನ್ನ ಕೈಯ ಸೌಟು ಕಸಿದುಕೊಂಡು ಹೊರಗೆ ನಡೆದಳು. ಡ್ರೈವರುಗಳು ತಟ್ಟೆ ಬಡಿದು ಹೋ ಎಂದರು. ಸೂಪರ್‌ವೈಸರನೂ ಇದ್ದ. ಅವ್ವ ನೆಟ್ಟಗೆ ಅವನ ಮುಂದೆ ಹೋಗಿ ನಿಂತಳು.

"ಹಾಕ್ಲೇನ್ರಿ ಸಾಹೇಬ್ರ?"

ಅವನು ಕೈ ನೋಡಿದ, ಮುಖ ನೋಡಿದ. "ತಪ್ಪಾತ್ರಿ ಅವ್ವಾರ."

"ಹೇಳಿದ್ದು ತಪ್ಪಲ್ರಿ. ನಾಕ್ ಮಂದಿ ಮುಂದ ಹೇಳಿದ್ದು ತಪ್ಪು," ಎಂದು ಎರಡು ರೊಟ್ಟಿ ಹಾಕಿದಳು. ಅವನು ಎರಡನ್ನೂ ತಿಂದ, ಮತ್ತೊಂದನ್ನು ಕೇಳಿದ.

ಅವ್ವ ಅಷ್ಟಕ್ಕೆ ಸುಮ್ಮನಾಗಲಿಲ್ಲ. ಚೋರನೂರಿನಲ್ಲಿದ್ದ ಅವಳ ಅಕ್ಕ, ನಮ್ಮ ದೊಡ್ಡವ್ವ, ಕೊರಳ ಸುತ್ತ ಜೋತುಬಿದ್ದ ಸಣ್ಣ ಗಂಟುಗಳನ್ನು ಎಷ್ಟೋ ವರ್ಷಗಳಿಂದ ಸೆರಗಿನಲ್ಲಿ ಮುಚ್ಚಿಕೊಂಡೇ ತಿರುಗುತ್ತಿದ್ದಳು. ಅವ್ವ ಅವಳನ್ನು ಬಸ್ಸು ಹತ್ತಿಸಿ ಹೊಸಪೇಟೆಗೆ ಕರೆತಂದಳು. ಆಸ್ಪತ್ರೆಯ ಬೆಂಚಿನಲ್ಲಿ ಕುಳಿತವರೆಲ್ಲ ಅಂಜಿಕೊಂಡಿದ್ದನ್ನು ಕಂಡು ಎದ್ದು ನಿಂತಳು. ಎಷ್ಟು ಹೊತ್ತು ಉರಿಯುತ್ತದೆ, ಗುಳ್ಳೆ ಯಾವಾಗ ಏಳುತ್ತದೆ, ಅದನ್ನು ಯಾಕೆ ಚುಚ್ಚಬಾರದು, ಎಲ್ಲವನ್ನೂ ವಿವರವಾಗಿ ಹೇಳತೊಡಗಿದಳು.

ಬಾಗಿಲು ತೆರೆದು ಡಾಕ್ಟರು ತಲೆ ಹೊರಗೆ ಹಾಕಿದರು. "ಅವ್ವಾರ, ನನಗೂ ಹೇಳಾಕ ಒಂದೆರಡು ಮಾತು ಉಳಸ್ರಿ!"

ಬೆಂಚೆಲ್ಲ ನಕ್ಕಿತು. ದೊಡ್ಡವ್ವ ಎಲ್ಲರಿಗಿಂತ ಮೊದಲು ಎದ್ದು ಒಳಗೆ ಹೋದಳು.