ಅತ್ತೆ ಮಾಡಿಕೊಟ್ಟ ಮದುವೆ

ಡಿಸೆಂಬರಿನ ಮೊದಲ ಭಾನುವಾರ ದಾಂಡೇಲಿಯ ನಮ್ಮ ಚರ್ಚಿನಲ್ಲಿ ನನ್ನ ಮದುವೆಯ ಪ್ರಕಟಣೆ ಓದಿದರು. ಆರಾಧನೆ ಮುಗಿಯುವ ಹೊತ್ತಿಗೆ ಸಭಾಪಾಲಕರು ಕನ್ನಡಕ ಸರಿಮಾಡಿಕೊಂಡು, ಹಳಿಯಾಳದ ಇಂಥ ವರನಿಗೂ ನಮ್ಮ ಸಭೆಯ ಇಂಥ ವಿಧವೆಗೂ ವಿವಾಹ ನಿಶ್ಚಯವಾಗಿದೆ, ಯಾರದಾದರೂ ಆಕ್ಷೇಪಣೆ ಇದ್ದರೆ ತಿಳಿಸಬೇಕು ಎಂದರು. ವಿಧವೆ ಎಂಬ ಮಾತು ಕಿವಿಗೆ ಬಿದ್ದೊಡನೆ ಮುಂದಿನ ಬೆಂಚಿನ ಹೆಂಗಸರು ತಿರುಗಿ ನನ್ನ ಪಕ್ಕದಲ್ಲಿದ್ದ ಅತ್ತೆಯ ಮುಖ ನೋಡಿದರು. ಸತ್ತ ಮಗನ ಹೆಂಡತಿಗೆ ತಾನೇ ಮುಂದೆ ನಿಂತು ಮದುವೆ ಮಾಡುವವಳ ಮುಖ ಹೇಗಿರುತ್ತದೆ ಎಂದು ಅವರಿಗೆ ನೋಡಬೇಕಿತ್ತು. ಅತ್ತೆ ಬೆನ್ನು ನೆಟ್ಟಗೆ ಮಾಡಿ ಕೂತಿದ್ದರು. ಪ್ರಾರ್ಥನೆಗೆ ಎಲ್ಲರೂ ತಲೆ ತಗ್ಗಿಸಿದ ಮೇಲೆ ಮಾತ್ರ ಅವರ ಕೈ ನನ್ನ ಸೆರಗಿನ ತುದಿಯನ್ನು ಹಿಡಿದದ್ದು ಕಂಡಿತು.

ನನ್ನ ಗಂಡ ಸತ್ತದ್ದು ಒಂದು ಜನವರಿಯಲ್ಲಿ. ಕಾಗದದ ಮಿಲ್ಲಿನಲ್ಲಿ ಗುತ್ತಿಗೆ ಕೆಲಸ ಮಾಡುತ್ತಿದ್ದ ಅವನು ಸ್ನೇಹಿತನೊಬ್ಬನನ್ನು ಬಿಟ್ಟು ಬರಲು ಹಳಿಯಾಳಕ್ಕೆ ಹೋಗಿದ್ದ. ಕಬ್ಬಿನ ಸುಗ್ಗಿಯ ಕಾಲ. ತಿರುಗಿ ಬರುವಾಗ ಕತ್ತಲಲ್ಲಿ, ಹಿಂದೆ ದೀಪವಿಲ್ಲದೆ ರಸ್ತೆ ಬದಿ ನಿಂತಿದ್ದ ಕಬ್ಬಿನ ಟ್ರೇಲರಿಗೆ ಅವನ ಬೈಕು ಹೋಗಿ ಬಡಿಯಿತು. ನಮ್ಮ ಮದುವೆಯಾಗಿ ಎರಡು ವರ್ಷ ತುಂಬಿರಲಿಲ್ಲ. ಮಕ್ಕಳಿರಲಿಲ್ಲ. ನನಗೆ ತವರು ಎಂಬುದೂ ಇರಲಿಲ್ಲ. ಧಾರವಾಡದ ಒಂದು ಹಾಸ್ಟೆಲಿನಲ್ಲಿ ಬೆಳೆದವಳು ನಾನು. ಮಣ್ಣು ಮುಗಿಸಿ ಬಂದ ಸಂಜೆ, ಈಗ ಎಲ್ಲಿಗೆ ಹೋಗಬೇಕು ಎಂದು ಯೋಚಿಸುತ್ತ ಬಾಗಿಲ ಬಳಿ ನಿಂತಿದ್ದೆ. ಅತ್ತೆ ಒಳಗಿನಿಂದ, "ಒಳಗ ಬಾ, ಥಂಡಿ ಐತಿ," ಎಂದರು. ಹಾಗೆ ನಾವಿಬ್ಬರೂ ಉಳಿದುಕೊಂಡೆವು. ನಾನು ಬಂಗೂರನಗರದ ಒಂದು ಸಣ್ಣ ಶಾಲೆಯಲ್ಲಿ ಎಳೆಯ ಮಕ್ಕಳಿಗೆ ಪಾಠ ಹೇಳಲು ಸೇರಿದೆ. ಅತ್ತೆ ಮನೆಯಲ್ಲಿ ಹೊಲಿಗೆ ಹಾಕುತ್ತಿದ್ದರು. ಬೆಳಿಗ್ಗೆ ಮಿಲ್ಲಿನ ಭೋಂಗಾ ಕೂಗಿದರೆ ಅವನು ಹೋದ ಮೇಲೂ ಅವರು ಎದ್ದು ಒಲೆಯ ಮೇಲೆ ಒಂದು ಲೋಟ ಹೆಚ್ಚಿಗೆ ಚಹಾ ಇಟ್ಟು, ಆಮೇಲೆ ನೆನಪಾಗಿ ಅದನ್ನು ನಾವಿಬ್ಬರೂ ಹಂಚಿಕೊಂಡು ಕುಡಿಯುವಂತೆ ಮಾಡುತ್ತಿದ್ದರು.

ಮದುವೆಯ ಮಾತು ತೆಗೆದವರು ಅವರೇ. ನಾನು ಒಲ್ಲೆನೆಂದೆ. ಮತ್ತೆ ತೆಗೆದರು, ಮತ್ತೆ ಒಲ್ಲೆನೆಂದೆ. ಒಂದು ಮಧ್ಯಾಹ್ನ ಹೊಲಿಗೆ ಯಂತ್ರ ನಿಲ್ಲಿಸಿ ನನ್ನನ್ನು ಎದುರಿಗೆ ಕೂಡಿಸಿಕೊಂಡರು.

"ನಾನೂ ನಿನ್ನ ವಯಸ್ಸಿನ್ಯಾಗ ಗಂಡನ್ನ ಕಳಕೊಂಡಾಕಿ. ಆದರ ನನಗ ಮಗ ಇದ್ದ. ಅಂವನ್ನ ನೋಡಕೋತ ದಿನಾ ಹೋದ್ವು. ನಿನಗ ಯಾರು ಅದಾರ?"

"ನೀವು ಇದ್ದೀರಲ್ರೀ ಅತ್ತೀ."

"ನಾ ಎಷ್ಟ ದಿನಾ ಇರಾಕಿ? ಹುಚ್ಚಿ!"

ಹುಡುಗನನ್ನು ಹುಡುಕಿದವರೂ ಅವರೇ. ಹುಡುಗ ಎನ್ನುತ್ತೇನೆ, ನಲವತ್ತರ ಹತ್ತಿರದವರು. ಹಳಿಯಾಳದಲ್ಲಿ ಸುಟ್ಟುಹೋದ ಪಂಪ್‌ಸೆಟ್ ಮೋಟಾರುಗಳಿಗೆ ಹೊಸದಾಗಿ ತಂತಿ ಸುತ್ತಿಕೊಡುವ ಅಂಗಡಿ ಇಟ್ಟಿದ್ದಾರೆ. ಸಾಂಬ್ರಾಣಿ ಕಡೆಯ ರೈತರು ಅವರ ಅಂಗಡಿ ಮುಂದೆ ಮೋಟಾರು ಇಳಿಸಿ ಕೂತಿರುತ್ತಾರೆ. ಹಾಸಿಗೆ ಹಿಡಿದಿದ್ದ ತಾಯಿಯನ್ನು ನೋಡಿಕೊಳ್ಳುತ್ತ ಮದುವೆ ಬೇಡವೆಂದು ಕೂತವರು, ಆ ತಾಯಿ ತೀರಿಕೊಂಡ ಮೇಲೆ ಒಬ್ಬರೇ ಆಗಿದ್ದರು. ಅತ್ತೆ ಅವರನ್ನು ನೋಡಿ ಬಂದು, "ಕೈ ಒರಟು, ಮಾತು ಮೆತ್ತಗ," ಎಂದಷ್ಟೇ ಹೇಳಿದರು. ನಾನು ಹೂಂ ಎಂದದ್ದು ಅವರ ಮೇಲಿನ ಆಸೆಯಿಂದಲ್ಲ. ಅತ್ತೆಗೆ ಇನ್ನೊಮ್ಮೆ ಇಲ್ಲವೆನ್ನುವ ಶಕ್ತಿ ನನ್ನಲ್ಲಿ ಇರಲಿಲ್ಲ.

ಹೊಸ ವರ್ಷ ಕಳೆದ ಮೇಲಿನ ವಾರ ಮದುವೆ. ಹೀಗಾಗಿ ಆ ಡಿಸೆಂಬರಿನಲ್ಲಿ ಕ್ರಿಸ್‌ಮಸ್ಸಿನ ಕೆಲಸ ಯಾವುದು, ಮದುವೆಯ ಕೆಲಸ ಯಾವುದು ಎಂದು ಬೇರೆ ಮಾಡಲು ಆಗುತ್ತಿರಲಿಲ್ಲ. ಶಾಲೆಯಲ್ಲಿ ಮಕ್ಕಳ ನಾಟಕ. ಹತ್ತಿ ಅಂಟಿಸಿದ ರೆಕ್ಕೆ ಕಟ್ಟಿದರೆ ದೇವದೂತರೆಲ್ಲ ಕುರಿಗಳ ಹಿಂದೆ ಓಡಿಹೋಗುತ್ತಿದ್ದರು. ಅವರನ್ನು ಹಿಡಿದು ತಂದು ಸಾಲಾಗಿ ನಿಲ್ಲಿಸಿ, ಗಂಟಲು ಕಟ್ಟಿಕೊಂಡು ಮನೆಗೆ ಬರುತ್ತಿದ್ದೆ. ಬಂದರೆ ಅತ್ತೆ ಮೈದಾ ನಾದಿಟ್ಟು ಕಾಯುತ್ತಿರುತ್ತಿದ್ದರು. ಕರ್ಚಿಕಾಯಿ, ಚಕ್ಕುಲಿ, ಶಂಕರಪಾಳಿ. ಪಕ್ಕದ ಮನೆಯ ಕಾಕೂ ಲಟ್ಟಣಿಗೆ ತಂದುಕೊಂಡು ಜೊತೆಗೆ ಕೂಡುತ್ತಿದ್ದರು. ಅವರು ಬೈಲಹೊಂಗಲದ ಕಡೆಯ ಲಿಂಗಾಯತರು, ಅವರ ಯಜಮಾನರೂ ಮಿಲ್ಲಿನವರೇ. ದೀಪಾವಳಿಗೆ ನಾವು ಅವರ ಮನೆಯಲ್ಲಿ ಕೂತು ಮಾಡಿದ ಕೆಲಸವನ್ನು ಕ್ರಿಸ್‌ಮಸ್ಸಿಗೆ ಅವರು ನಮ್ಮಲ್ಲಿ ಮಾಡುತ್ತಿದ್ದರು.

ಆ ವರ್ಷ ಅತ್ತೆ ಹಿಟ್ಟು ಬಹಳ ಕಲಸಿದ್ದರು. ಕಾಕೂ ಕೇಳಿದರು, "ಇಷ್ಟ್ಯಾಕ್ರೀ ಅಕ್ಕಾರ, ತಿನ್ನೋರು ಇಬ್ಬರು?"

"ಒಂದು ಡಬ್ಬಿ ಆಕಿ ಜೋಡಿ ಕಳಸೂದೈತಿ. ಮದುವಿ ಹುಡುಗಿ ಬರೇಗೈಲೆ ಹೋಗಬೇಕೇನು?"

ಕಾಕೂ ಲಟ್ಟಿಸುವುದನ್ನು ಬಿಟ್ಟು ಕಣ್ಣೊರೆಸಿಕೊಂಡರು. ಅತ್ತೆ ಮಾತ್ರ ಕರ್ಚಿಕಾಯಿಯ ಅಂಚು ಮಡಚುತ್ತ ಹೋದರು. ನನಗೆ ಅವರ ಮೇಲೆ ಸಿಟ್ಟು ಬಂತು. ಇಷ್ಟು ಗಟ್ಟಿಯಾಗಿರುವುದು ಹೇಗೆ, ನನ್ನನ್ನು ಕಳಿಸಲು ಇವರಿಗೆ ಇಷ್ಟೇನು ಅವಸರ ಎನ್ನಿಸಿತು.

ನಕ್ಷತ್ರದ ದೀಪ ಕಟ್ಟುವುದಕ್ಕೆ ಹಳಿಯಾಳದಿಂದ ಅವರೇ ಬಂದರು. ನಾನು ಕರೆದಿರಲಿಲ್ಲ. ಅತ್ತೆ ಫೋನ್ ಮಾಡಿ ಕರೆಸಿದ್ದರು. ಹಿಂದೆಲ್ಲ ಆ ಕೆಲಸ ನನ್ನ ಗಂಡನದು. ಅವನು ಸತ್ತ ಮೇಲೆ ನಮ್ಮ ಮನೆಯ ಮುಂದೆ ನಕ್ಷತ್ರ ಏರಿರಲಿಲ್ಲ. ಇವರು ಏಣಿ ಹತ್ತಿ, ಬಾಗಿಲ ಎಡಗಡೆ ತೊಲೆಗೆ ಮೊದಲೇ ಹೊಡೆದಿದ್ದ ಮೊಳೆ ನೋಡಿ ಅದಕ್ಕೆ ದಾರ ಸಿಕ್ಕಿಸಲು ಹೋದರು. ಕೆಳಗೆ ನಿಂತಿದ್ದ ಅತ್ತೆ ಒಮ್ಮೆಲೇ, "ಅಲ್ಲಿ ಬ್ಯಾಡಪ್ಪಾ," ಎಂದರು. ದನಿ ಅವರಿಗೇ ಜೋರೆನಿಸಿರಬೇಕು. ಮೆಲ್ಲಗೆ, "ಬಲಕ್ಕ ಬ್ಯಾರೆ ಮೊಳಿ ಹೊಡೀ," ಎಂದರು.

ಇವರು ಏಣಿಯಿಂದ ಇಳಿದು, ಅದನ್ನು ಬಲಗಡೆಗೆ ತಂದು, ಹೊಸ ಮೊಳೆ ಹೊಡೆದು ನಕ್ಷತ್ರ ಕಟ್ಟಿದರು. ಹೊತ್ತಿಸಿದ ಮೇಲೆ ಅತ್ತೆ ತಲೆ ಎತ್ತಿ ನೋಡಿ ಚಲೋ ಆತು ಎಂದು ಒಳಗೆ ಹೋದರು. ನಾನು ಅವರಿಗೆ ಚಹಾ ಕೊಟ್ಟೆ. ಮದುವೆ ನಿಶ್ಚಯವಾದ ಮೇಲೆ ನಾವು ಮೊದಲ ಸಲ ಇಬ್ಬರೇ ನಿಂತಿದ್ದೆವು. ಅವರು ಕಪ್ಪನ್ನೇ ನೋಡುತ್ತ, "ಅವ್ವಾರಿಗೆ ತ್ರಾಸ ಆಗ್ಲಿಕತ್ತೈತಿ. ನಿಮಗ ಬೇಕಂದ್ರ ಇನ್ನೊಂದಿಷ್ಟು ದಿನಾ ಮುಂದೂಡೂಣು," ಎಂದರು. ಅತ್ತೆ ಹೇಳಿದ ಮೆತ್ತಗಿನ ಮಾತು ಯಾವುದೆಂದು ನನಗೆ ಆಗ ತಿಳಿಯಿತು.

ಚರ್ಚಿನ ಸ್ತ್ರೀಯರ ಕೂಟದಲ್ಲಿ ಸೀರೆಯ ಮಾತು ಎದ್ದದ್ದು ಅದೇ ವಾರ. ಹಿರಿಯರೊಬ್ಬರು ಅತ್ತೆಯನ್ನು ಪಕ್ಕಕ್ಕೆ ಕರೆದು, "ಎರಡನೇ ಮದುವಿಗೆ ಬಿಳಿ ಸೀರಿ, ತಲಿ ಮ್ಯಾಲೆ ಮುಸುಕು ಎಲ್ಲಾ ಯಾಕ್ರೀ? ಸಾದಾ ಬಣ್ಣದ್ದು ಉಟ್ಟರ ಸಾಕಲ್ಲ," ಎಂದರು. ನನಗೆ ಕೇಳಲಿ ಎಂದೇ ಹೇಳಿದಂತಿತ್ತು.

"ಆಕಿ ದೇವರ ಮುಂದ ನಿಲ್ಲಾಕ ಹೊಂಟಾಳ. ಅಂವಗ ಬಿಳಿ ಬ್ಯಾಡಾಗಿದ್ರ ಅಂವನ ಹೇಳತಾನ," ಎಂದರು ಅತ್ತೆ.

ಮರುದಿನವೇ ನನ್ನನ್ನು ಹುಬ್ಬಳ್ಳಿಗೆ ಕರೆದುಕೊಂಡು ಹೋಗಿ ಬಿಳಿಯ ಸೀರೆ ಕೊಡಿಸಿದರು. ಮುಸುಕನ್ನು ತಾವೇ ಹೊಲಿದರು. ನಾನು ಶಾಲೆಯಿಂದ ಬರುವಾಗ ಯಂತ್ರದ ಸದ್ದು ಬೀದಿಗೆ ಕೇಳುತ್ತಿತ್ತು.

ಕ್ರಿಸ್‌ಮಸ್ಸಿಗೆ ಮುಂಚೆ ನಮ್ಮಲ್ಲಿ ಸಮಾಧಿಗಳನ್ನು ಸ್ವಚ್ಛ ಮಾಡಿ ಸುಣ್ಣ ಬಳಿಯುತ್ತಾರೆ. ಪ್ರತಿ ವರ್ಷದಂತೆ ನಾವಿಬ್ಬರೂ ಬಕೆಟ್ಟು ಹಿಡಿದು ಹೋದೆವು. ಬೆಳಗಿನ ಮಂಜು ಇನ್ನೂ ಕರಗಿರಲಿಲ್ಲ. ತೇಗದ ಎಲೆಗಳು ಸಮಾಧಿಯ ಮೇಲೆ ಬಿದ್ದು ಒದ್ದೆಯಾಗಿದ್ದವು. ನಾನು ಅವನ್ನು ಆರಿಸಿದೆ, ಅತ್ತೆ ಕಳೆ ಕಿತ್ತರು. ಸುಣ್ಣ ಹಚ್ಚುವಾಗ ನಾನು ಅವನ ಹೆಸರಿನ ಅಕ್ಷರಗಳೊಳಗೆ ಸುಣ್ಣ ಹೋಗದಂತೆ ಬೆರಳಿನಿಂದ ಒರೆಸುತ್ತ ಹೋದೆ. ಮೇಣದ ಬತ್ತಿ ಹಚ್ಚಿ ಪ್ರಾರ್ಥನೆ ಮಾಡಿದ ಮೇಲೆ ಅತ್ತೆ ಕೈ ತೊಳೆದುಕೊಳ್ಳುತ್ತ ಹೇಳಿದರು, "ಮುಂದಿನ ವರ್ಷದಿಂದ ನೀ ಬರಬ್ಯಾಡ."

ನಾನು ಕೇಳಿಸದವಳಂತೆ ಬಕೆಟ್ಟು ಎತ್ತಿಕೊಂಡೆ.

"ಕೇಳಸ್ತೇನು? ಇನ್ನ ಇದು ನನ್ನ ಕೆಲಸ. ನೀ ಒಬ್ಬರ ಮನಿ ಬೆಳಗಾಕ ಹೋಗಾಕಿ. ಇಲ್ಲಿ ಬಂದು ಕೂತು ಅತ್ತು ಹೋದರ, ಅಲ್ಲಿ ಆ ಹುಡುಗನ ಮುಂದ ಯಾವ ಮಾರಿ ತಗೊಂಡು ನಿಲ್ತಿ?"

"ಅವರು ಬ್ಯಾಡ ಅನ್ನಂಗಿಲ್ರೀ."

"ಅನ್ನಂಗಿಲ್ಲ. ಅದಕ್ಕ ನಾ ಅನ್ನಾಕತ್ತೇನಿ."

ಸಾವು ಒಮ್ಮೆ ಅವನನ್ನು ಒಯ್ದಿತ್ತು. ಈಗ ಅವನ ತಾಯಿ ನನ್ನ ಕೈಯಿಂದ ಅವನನ್ನು ಬಿಡಿಸಿ ತಾನು ಇಟ್ಟುಕೊಳ್ಳುತ್ತಿದ್ದಾಳೆ ಎನ್ನಿಸಿ, ಆ ದಿನ ಶಾಲೆಯಲ್ಲಿ ಮಕ್ಕಳ ಹಾಡು ನಡೆಯುವಾಗ ನಾನು ಪರದೆಯ ಹಿಂದೆ ನಿಂತು ಅತ್ತುಬಿಟ್ಟೆ.

ಕ್ರಿಸ್‌ಮಸ್ಸಿನ ದಿನ ಆರಾಧನೆ ಮುಗಿದ ಮೇಲೆ ಹಳಿಯಾಳದಿಂದ ಅವರು ನಮ್ಮಲ್ಲಿಗೆ ಊಟಕ್ಕೆ ಬಂದರು. ಅತ್ತೆ ಕೋಳಿ ಸಾರು, ಅನ್ನ ಮಾಡಿದ್ದರು. ಹಬ್ಬದ ಮನೆಯಂತೆ ಕಾಣಲೆಂದು ಮೂವರೂ ಸುಮ್ಮಸುಮ್ಮನೆ ಮಾತಾಡುತ್ತಿದ್ದೆವು. ಎರಡನೇ ಸಲ ಬಡಿಸಲು ಬಂದ ಅತ್ತೆ, ಅನ್ನ ಸಾಕೆಂದು ತಟ್ಟೆಗೆ ಕೈ ಅಡ್ಡ ಹಿಡಿದವರಿಗೆ, "ಕೈ ತಗೀ ಚಿನ್ನೂ, ಹಬ್ಬದ ದಿನಾ ಹಿಂಗ ಉಣತಾರೇನು," ಎಂದುಬಿಟ್ಟರು. ಮಗನನ್ನು ಅವರು ಕರೆಯುತ್ತಿದ್ದದ್ದು ಹಾಗೆ.

ನಾನು ತಟ್ಟೆಯಿಂದ ತಲೆ ಎತ್ತಿ ಇವರ ಮುಖ ನೋಡಿದೆ. ಇವರಿಗೆ ಆ ಹೆಸರು ಗೊತ್ತಿತ್ತೋ ಇಲ್ಲವೋ. ಕೈ ತೆಗೆದು, "ಹಾಕ್ರಿ ಅವ್ವಾ," ಎಂದರು. ಅತ್ತೆ ಬಡಿಸಿದರು. ಆಮೇಲೆ ಪಾತ್ರೆ ಹಿಡಿದುಕೊಂಡು ಅಡಿಗೆಮನೆಗೆ ಹೋದವರು ಹೊರಗೆ ಬರಲಿಲ್ಲ.

ನಾನು ಎದ್ದು ಹೋದೆ. ನಳ ಪೂರ್ತಿ ತಿರುವಿ, ಖಾಲಿ ಕೈಗಳನ್ನು ನೀರಿನ ಕೆಳಗೆ ಹಿಡಿದು ಅಳುತ್ತ ನಿಂತಿದ್ದರು. ಮಗ ಸತ್ತಾಗಲೂ ಅವರು ಹಾಗೆ ಅತ್ತದ್ದನ್ನು ನಾನು ಕಂಡಿರಲಿಲ್ಲ. ಹೆಗಲು ಹಿಡಿದುಕೊಂಡೆ.

"ಅಂವ ಹೋದಾಗ ನೀ ಇದ್ದಿ," ಎಂದರು. "ನಿನ್ನ ಮಾರಿ ನೋಡಿದ್ರ ಅಂವ ಎಲ್ಲೋ ಡ್ಯೂಟಿಗೆ ಹೋಗ್ಯಾನ ಅನ್ನಸ್ತಿತ್ತು. ಈಗ ನೀನೂ ಹೋದ್ರ ಅಂವ ಖರೇನ ಹೋದಂಗ ಆಗತೈತಿ."

"ನಾ ಹೋಗಂಗಿಲ್ರೀ ಅತ್ತೀ. ಈಗ ಹೊರಗ ಹೋಗಿ ಹೇಳಿಬಿಡ್ತೇನಿ. ಅವರು ಏನೂ ಅನಕೊಳ್ಳಂಗಿಲ್ಲ."

ಅವರು ಗಕ್ಕನೆ ನಳ ಬಂದ್ ಮಾಡಿ ನನ್ನ ಕಡೆ ತಿರುಗಿದರು. "ನಾ ಅಳಾಕತ್ತೇನಿ ಅಂತ ನೀ ಕೂಡ್ತೀಯೇನು? ತಾಯಿ ಅಂದಮ್ಯಾಲೆ ಅಳತಾಳ. ನಾ ಸಾಯೂತನಕ ನೀ ನನ್ನ ಕಾಯಿ, ಆಮ್ಯಾಲೆ ಈ ನಾಕು ಗ್ವಾಡಿ ಕಾಯಿ. ಅದಕ್ಕೇನು ಇಷ್ಟ ದಿನಾ ನಿನ್ನ ಮಗಳಂಗ ಇಟಕೊಂಡಿದ್ದು? ಹೋಗು, ಅಂವಗ ಮಜ್ಜಿಗಿ ಹಾಕು."

ನಾನು ಹೋಗಿ ಮಜ್ಜಿಗೆ ಹಾಕಿದೆ.

ಮದುವೆಯ ದಿನ ವಧುವನ್ನು ಒಪ್ಪಿಸಿಕೊಡಲು ನನಗೆ ತಂದೆಯೂ ಇಲ್ಲ, ಅಣ್ಣನೂ ಇಲ್ಲ. ಸಭೆಯ ಹಿರಿಯರೊಬ್ಬರು ಕರೆತರುತ್ತಾರೆಂದು ಮಾತಾಗಿತ್ತು. ಚರ್ಚಿನ ಬಾಗಿಲಿಗೆ ಬಂದಾಗ ಅತ್ತೆ ಆ ಹಿರಿಯರಿಗೆ ಕೈಮುಗಿದು, "ನೀವು ಕೂಡ್ರಿ," ಎಂದು ನನ್ನ ತೋಳಿಗೆ ತೋಳು ಹಾಕಿದರು. ಅವರ ಮೊಣಕಾಲು ನೋವಿಗೆ ತಕ್ಕಂತೆ ಇಬ್ಬರೂ ನಿಧಾನವಾಗಿ ನಡೆದೆವು. ಈ ಸ್ತ್ರೀಯನ್ನು ಒಪ್ಪಿಸಿಕೊಡುವವರು ಯಾರು ಎಂದು ಸಭಾಪಾಲಕರು ಕೇಳಿದರು.

"ನಾನ್ರೀ," ಎಂದರು ಅತ್ತೆ. ನನ್ನ ಕೈಯನ್ನು ವರನ ಕೈಗೆ ಕೊಟ್ಟು, ಹೋಗಿ ಹೆಂಗಸರ ಸಾಲಿನಲ್ಲಿ ಕೂತರು.

ಹಳಿಯಾಳಕ್ಕೆ ಬಂದು ಒಂದು ತಿಂಗಳಾದ ಮೇಲೆ ಅತ್ತೆಯನ್ನು ನೋಡಲೆಂದು ಹೇಳದೆ ಕೇಳದೆ ದಾಂಡೇಲಿಗೆ ಹೋದೆ. ಮನೆಯ ಬಾಗಿಲಲ್ಲಿ ಯಾರೋ ಗುರುತಿಲ್ಲದ ಹೆಂಗಸು ಅಕ್ಕಿ ಆರಿಸುತ್ತ ಕೂತಿದ್ದಳು. ನನ್ನನ್ನು ಕಂಡ ಕಾಕೂ ಓಡಿ ಬಂದು ತಮ್ಮ ಮನೆಯೊಳಗೆ ಕರೆದುಕೊಂಡರು. ಅತ್ತೆ ಬಾಡಿಗೆ ಮನೆ ಬಿಟ್ಟು, ಹೊಲಿಗೆ ಯಂತ್ರ ಸಹಿತ ಮುಂಡಗೋಡಿನ ತಂಗಿಯ ಮನೆಗೆ ಹೋಗಿಬಿಟ್ಟಿದ್ದರು. ನನ್ನ ಮದುವೆಗೆ ಮುಂಚೆಯೇ ಮನೆಯ ಮಾಲೀಕರಿಗೆ ಹೇಳಿ ಇಟ್ಟಿದ್ದರಂತೆ. ಫೋನಿನಲ್ಲಿ ದಿನವೂ ನನ್ನ ಜೊತೆ ಮಾತಾಡಿದರೂ ಒಂದು ಮಾತು ಬಿಟ್ಟುಕೊಟ್ಟಿರಲಿಲ್ಲ.

"ನಾ ಇಲ್ಲಿ ಇದ್ರ ಆಕಿ ಜೀವ ಇಲ್ಲೇ ಇರತೈತಿ ಅಂದ್ರವ್ವಾ," ಎಂದರು ಕಾಕೂ. "ನಾ ಎಷ್ಟು ಹೇಳಿದ್ರೂ ಕೇಳಲಿಲ್ಲ."

ಮುಂದಿನ ವಾರ ಮುಂಡಗೋಡಿಗೆ ಹೋದೆ. ಅತ್ತೆ ಮತ್ತು ಅವರ ತಂಗಿ ಅಂಗಳದಲ್ಲಿ ಕೂತು ಶೇಂಗಾ ಸುಲಿಯುತ್ತಿದ್ದರು. ಬೈಯಬೇಕೆಂದು ಹೋದವಳು ಕೂತು ಶೇಂಗಾ ಸುಲಿದೆ. ಅಂಗಡಿ ಹೇಗೆ ನಡೆಯುತ್ತಿದೆ, ನೀರು ಹೇಗೆ ಬರುತ್ತದೆ, ಅಲ್ಲಿ ಶಾಲೆಯಲ್ಲಿ ಕೆಲಸ ಸಿಕ್ಕೀತೇ ಎಂದೆಲ್ಲ ಕೇಳಿದರು. ನಮ್ಮ ಜೊತೆ ಬಂದಿರಿ, ಅವರೂ ಕರೆದುಕೊಂಡು ಬಾ ಎಂದಿದ್ದಾರೆ ಎಂದೆ. ನಕ್ಕು, "ಈಸ್ಟರಿಗೆ ಬರ್ತೇನಿ. ಎರಡು ದಿನಾ ಇದ್ದು ಹೋಗ್ತೇನಿ, ಬೀಗರು ಬಂದಂಗ," ಎಂದರು. ಸಮಾಧಿಗೆ ಯಾರು ಹೋಗುತ್ತಾರೆ ಎಂದು ನಾನು ಕೇಳಲಿಲ್ಲ.

ಕಲಘಟಗಿಯ ಮೇಲೆ ಹಳಿಯಾಳಕ್ಕೆ ಬರುವ ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಅಳುತ್ತ ಬಂದೆ. ಸ್ಟ್ಯಾಂಡಿನಲ್ಲಿ ಅವರು ಬೈಕು ನಿಲ್ಲಿಸಿಕೊಂಡು ಕಾಯುತ್ತಿದ್ದರು. ನನ್ನ ಮುಖ ನೋಡಿದರು.

"ಉಂಡೀಯೇನು?" ಎಂದರು ಆಮೇಲೆ.

"ಇಲ್ಲ," ಎಂದೆ.

"ನಾನೂ ಉಂಡಿಲ್ಲ. ನಡಿ, ಮನಿಗೆ ಹೋಗೂಣು."