ಚುಕ್ಕಾಣಿಯ ಹಗ್ಗ

ಔಡಲೆಣ್ಣೆಯ ಡಬ್ಬಿಯ ಮುಚ್ಚಳ ತೆರೆದೊಡನೆ ಕೃಷ್ಣೆಯ ದಂಡೆಯಲ್ಲಿದ್ದ ನಮ್ಮ ಮನೆಯ ಪಡಸಾಲೆ ಕಣ್ಣೆದುರು ಬರುತ್ತದೆ. ಅಲ್ಲಿ ರೊಟ್ಟಿಯ ಹೊಗೆ, ಸಾಗುವಾನಿಯ ಹೊಟ್ಟು, ಎಲ್ಲದರ ಮೇಲೂ ಮಂದವಾಗಿ ಹರಡಿಕೊಂಡ ಈ ಎಣ್ಣೆಯ ವಾಸನೆ ಇರುತ್ತಿತ್ತು. ಅಪ್ಪ ಬಡಿಗ. ಹರೆಯದಲ್ಲಿ ಕಾರವಾರದ ಕಡೆ ದೋಣಿ ಕಟ್ಟುವಲ್ಲಿ ದುಡಿದು ಬಂದವನು. ದೇವದುರ್ಗದ ಕಡೆಯ ನಮ್ಮೂರಲ್ಲಿ ಎಲ್ಲರೂ ಬುಟ್ಟಿಯಂತಹ ಹರಿಗೋಲಿನಲ್ಲಿ ಹೊಳೆ ದಾಟುತ್ತಿದ್ದರೆ, ಅವನೊಬ್ಬ ತನ್ನ ಖುಷಿಗೆಂದು ಪುಟ್ಟ ಹಾಯಿದೋಣಿ ಕಟ್ಟಿದ. ಆ ಬೇಸಿಗೆಯಲ್ಲೇ ಅಕ್ಕ ನೀಲಮ್ಮ ಮೈನೆರೆದಳು. "ದೊಡ್ಡಾಕಿ ಆಗೀದಿ. ಇನ್ನ ಹೊಳಿ ಕಡಿ ಹೋದ್ರ ಕಾಲು ಮುರೀತೀನಿ" ಎಂದಳು ಅವ್ವ. ಮೀನಿನಂತೆ ಈಜುತ್ತಿದ್ದ ಅಕ್ಕ ಹೊಸ್ತಿಲೊಳಗೇ ಕೂತು ಅಪ್ಪನ ಸುತ್ತಿಗೆಯ ಸದ್ದು ಕೇಳುತ್ತಿದ್ದಳು.

ಕಡೆಗೆ ಉಳಿದದ್ದು ಚುಕ್ಕಾಣಿ. ಬೇಸಿಗೆಯ ಹೊಳೆ ಮೊಣಕಾಲುದ್ದ, ತಳವೆಲ್ಲ ಕಲ್ಲು. ಚುಕ್ಕಾಣಿ ಉದ್ದವಿದ್ದರೆ ಕಲ್ಲಿಗೆ ಬಡಿಯುತ್ತದೆ. ಗಿಡ್ಡವಿದ್ದರೆ ನೀರು ಹಿಡಿಯದೆ ದೋಣಿ ಗಾಳಿ ತಳ್ಳಿದ ಕಡೆ ಜಾರುತ್ತದೆ. ಅಪ್ಪ ಎರಡನ್ನೂ ಮಾಡಿದ್ದ. ಒಂದು ಗಿಡ್ಡ, ಅಗಲ. ಇನ್ನೊಂದು ಉದ್ದದ್ದು, ಬಾಗಿಲಿನ ಬಿಜಾಗರಿ ಹಾಕಿ ಮಡಚುವಂತೆ ಮಾಡಿದ್ದು. ಕಲ್ಲು ಬಂದಾಗ ಯಾರಾದರೂ ಹಗ್ಗ ಜಗ್ಗಿ ಅದನ್ನು ಎತ್ತಬೇಕು, ದಾಟಿದ ಮೇಲೆ ಬಿಡಬೇಕು.

ಹರಿಗೋಲು ನಡೆಸುವ ಭೀಮಣ್ಣ ನೋಡಿ ನಕ್ಕ. "ನಮ್ಮ ಹರಿಗೋಲಿಗೆ ತಲಿನೂ ಇಲ್ಲ, ಬಾಲಾನೂ ಇಲ್ಲ. ನಿನ್ನ ದೋಣಿಗ್ಯಾಕೋ ದೋಸ್ತ ಇಷ್ಟುದ್ದ ಬಾಲ? ಗಿಡ್ಡಂದು ಬಡಿ. ಒಬ್ಬನ ನಡಿಸ್ಕೊಂತ ಹೋಗಬಹುದು."

ಅಪ್ಪ ಹಲಗೆಗೆ ಎಣ್ಣೆ ತಿಕ್ಕುತ್ತಲೇ, "ಒಬ್ಬನ ಹೋಗಿ ಏನ್ ಮಾಡ್ಲೋ?" ಎಂದ.

ಅವ್ವ ಒಳಗಿನಿಂದ, "ಹಗ್ಗ ಸಣ್ಣಾಕಿ ಹಿಡೀತಾಳ ತಗೋರಿ" ಎಂದು ನನ್ನನ್ನು ಮುಂದೆ ಮಾಡಿದಳು.

"ಸಣ್ಣಾಕಿ ಮುಂದ ಕೂತು ಕಲ್ಲು ನೋಡಬೇಕು. ಜಗ್ಗಾಕ ದೊಡ್ಡಾಕಿನ ಬೇಕು" ಎಂದ ಅಪ್ಪ.

"ಅದಕ್ಕ ಇದನ್ನ ಮಾಡೀರೇನು?"

ಅಪ್ಪ ಹಲಗೆಗೆ ಇನ್ನೊಂದು ಕೈ ಎಣ್ಣೆ ಹಚ್ಚಿದ. ಮರುದಿನ ಬೆಳಿಗ್ಗೆ ಅವ್ವ ಮೂವರಿಗೂ ರೊಟ್ಟಿ ಕಟ್ಟಿದಳು.

ನಾನು ಬಿದಿರಿನ ಕೋಲಿನಿಂದ ನೀರು ತಡವಿ "ಕಲ್ಲು!" ಎಂದು ಕೂಗಬೇಕು, ಅಕ್ಕ ಜಗ್ಗಬೇಕು. ನಾನು ಕೊಕ್ಕರೆ ನೋಡುತ್ತ ಮೈಮರೆತಾಗೆಲ್ಲ ಹಿಂದೆ ಠಕ್ಕೆಂದು ಬಡಿಯುತ್ತಿತ್ತು. "ಬಡದ ಮ್ಯಾಲೆ ಹೇಳ್ತೀಯೇನ್ ಬೇ? ಹಗ್ಗ ನಿನ್ನ ಜಡಿಗೇ ಕಟ್ತೀನಿ ನೋಡು" ಎನ್ನುತ್ತಿದ್ದಳು ಅಕ್ಕ. ಅವಳ ನಗು ಆಚೆ ದಂಡೆಗೆ ಮುಟ್ಟಿ ವಾಪಸ್ಸು ಬರುತ್ತಿತ್ತು.

ಅವಳು ಮದುವೆಯಾಗಿ ಮಾನ್ವಿ ಕಡೆಯ ಕಲ್ಲೂರಿಗೆ ಹೋದಳು. ಅಪ್ಪ ದೋಣಿಗೆ ಗಿಡ್ಡ ಚುಕ್ಕಾಣಿ ಬಡಿದುಕೊಂಡ. ಉದ್ದದ್ದನ್ನು ಅಕ್ಕ ಕೇಳಿ ಒಯ್ದಳು. ಗಂಡನ ಮನೆಯವರು ನಕ್ಕರೂ ಪ್ರತಿ ಬೇಸಿಗೆ ಎಣ್ಣೆ ಹಚ್ಚುತ್ತಿದ್ದಳು. "ಒಣಗಿದ್ರ ಸೀಳ್ತದ" ಎಂದಷ್ಟೇ ಹೇಳುತ್ತಿದ್ದಳು. ಅಪ್ಪ ಹೋದ, ಅವ್ವ ಹೋದಳು. ಆ ಮನೆ ಇದ್ದ ಜಾಗದಲ್ಲಿ ಈಗ ಯಾರದೋ ಗೋದಾಮು ಇದೆ. ಈ ಬೇಸಿಗೆ ಬರುವ ಮೊದಲೇ ಅಕ್ಕನೂ ಹೋದಳು. ಮಣ್ಣು ಮಾಡಿ ಬಂದ ಮೇಲೆ ಅವಳ ಮಗ ಚುಕ್ಕಾಣಿಯನ್ನು ರಾಯಚೂರಿನ ನನ್ನ ಮನೆಗೆ ತಂದುಕೊಟ್ಟ.

ಇವತ್ತು ಎಣ್ಣೆ ಹಚ್ಚಿದೆ. ಹಗ್ಗ ಎಂದೋ ಹೋಗಿದೆ. ಅದು ಉಜ್ಜಿ ಉಜ್ಜಿ ಮಾಡಿದ ಕಚ್ಚು ಮಾತ್ರ ಹಲಗೆಯ ಅಂಚಿನಲ್ಲಿ ನುಣ್ಣಗೆ ಉಳಿದಿದೆ. ಬಟ್ಟೆಯಿಂದ ಒರೆಸಿ ನಿಲ್ಲಿಸುವಾಗ ಮಡಚಿದ ಹಲಗೆ ಬಿಚ್ಚಿಕೊಂಡು ನೆಲಕ್ಕೆ ಠಕ್ಕೆಂದು ಬಡಿಯಿತು. ಅಕ್ಕನ ಬೈಗುಳ ಕೇಳುತ್ತದೆಂದು ಕೈ ನನ್ನ ಜಡೆಗೆ ಹೋಯಿತು.